ಕದಿರೇಶನ ಮೂಗು

ಮಗನ ಮೂಗು ಹೇಗಿತ್ತೆಂಬುದು ಭಾರತಮ್ಮನಿಗೆ ನೆನಪಿಗೆ ಬರುತ್ತಿರಲಿಲ್ಲ. ರಾಗಿ ಬೀಸುವಾಗಲೂ ಅದೇ ಚಿಂತೆ, ಹಸುವಿಗೆ ಹುಲ್ಲು ಹಾಕುವಾಗಲೂ ಅದೇ, ಎಳೆಗೂಸು ಶಾಮಲೆಗೆ ಹಾಲು ಕುಡಿಸುವಾಗಲೂ ಅದೇ. ಕಣ್ಣು ಮುಚ್ಚಿದರೆ ಕೊನೆಯ ದಿನಗಳ ಮುಖವೇ ಎದುರಿಗೆ ನಿಲ್ಲುತ್ತಿತ್ತು. ಮೈತುಂಬ ಬೊಕ್ಕೆ, ಊದಿದ ರೆಪ್ಪೆ, ಸುತ್ತ ಬೇವಿನ ಸೊಪ್ಪು. ಅದಕ್ಕೆ ಮುಂಚೆ ಜಗಲಿಯ ಮೇಲೆ ಕುಣಿಯುತ್ತಿದ್ದ ಮೂರು ವರ್ಷದ ಕದಿರೇಶ ಎಲ್ಲಿ ಹೋದ? ಹೆತ್ತವಳೇ ಮರೆತರೆ ಅವನು ಇದ್ದ ಅನ್ನುವುದಕ್ಕೆ ಇನ್ನೇನು ಉಳಿಯಿತು?

ಲಸಿಕೆಯ ದಾಕು ಹಾಕುವವನು ವಕ್ಕಲೇರಿಗೆ ಬರುವ ಮೊದಲೇ ಆ ವರ್ಷ ಊರಿಗೆ ಸಿಡುಬು ಬಂದಿತ್ತು. ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮಾತು. ಮಗು ಉಳಿದರೆ ಮುತ್ಯಾಲಮ್ಮನಿಗೆ ಮಣ್ಣಿನ ಮಗು ಒಪ್ಪಿಸುತ್ತೇನೆಂದು ಅತ್ತೆ ಅಕ್ಕಯಮ್ಮ ಹರಕೆ ಹೊತ್ತಿದ್ದರು. ಮಗು ಉಳಿಯಲಿಲ್ಲ, ಹರಕೆಯೂ ಅಲ್ಲಿಗೇ ನಿಂತಿತು.

ಒಂದು ಪಟವಾದರೂ ಇರಬೇಕಿತ್ತು. ಇರಬಹುದಿತ್ತು ಕೂಡ. ಅದೇ ಭಾರತಮ್ಮನ ಕರುಳು ಕೊರೆಯುತ್ತಿದ್ದುದು. ಬೆಂಗಳೂರಿನ ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅವಳ ಅಪ್ಪ ವೆಂಕಟರಮಣಪ್ಪ ಹಳೆಯ ಡಬ್ಬಿ ಕ್ಯಾಮೆರಾ ಒಂದನ್ನು ಕೊಂಡು, ಹೊಸ ಫಿಲ್ಮ್ ಸುರುಳಿ ಹಾಕಿಸಿ, ಮೊಮ್ಮಗನ ಪಟ ತೆಗೆಯಲೆಂದೇ ಬಂದಿದ್ದರು. ಹುಡುಗನಿಗೆ ಜರಿ ಟೋಪಿ ಹಾಕಿ ಜಗಲಿಯ ಮೇಲೆ ಕೂರಿಸಿಯೂ ಆಗಿತ್ತು. ಆಗ ಭಾರತಮ್ಮನೇ ಅಡಿಗೆಮನೆಯಿಂದ ಓಡಿಬಂದು ಮಗುವಿನ ಮುಖಕ್ಕೆ ಸೆರಗು ಮುಚ್ಚಿದ್ದಳು.

"ಬೇಡಪ್ಪ! ಪಟ ತೆಗೆದ್ರೆ ಮಕ್ಕಳ ಆಯಸ್ಸು ಕಮ್ಮಿ ಆಗುತ್ತಂತೆ."

"ಹೈಸ್ಕೂಲು ಓದಿದವಳು ಆಡೋ ಮಾತೇನೇ ಇದು? ನಿಮ್ಮತ್ತೆ ಬೇಡ ಅಂದ್ರಾ?"

"ನಾನ್ಯಾಕೆ ಬೇಡ ಅನ್ಲಿ ಬೀಗರೇ, ನಂದೂ ಒಂದು ತೆಗೀರಿ ಅನ್ನೋಣ ಅಂತಿದ್ದೆ," ಎಂದು ಅಕ್ಕಯಮ್ಮ ಬೊಚ್ಚುಬಾಯಲ್ಲಿ ನಕ್ಕಿದ್ದರು.

ಸಾವಿಗೆ ಬಂದ ಅಪ್ಪ ಆ ಮಾತು ಎತ್ತಲೇ ಇಲ್ಲ. "ಮನಸ್ಸಿಗೆ ಬೇಜಾರಾದಾಗ ಕೋಲಾರದ ಪೋಸ್ಟಾಫೀಸಿಂದ ಮಿಲ್ಲಿಗೆ ಫೋನ್ ಮಾಡಮ್ಮ," ಎಂದಷ್ಟೇ ಹೇಳಿ ಹೋದರು. ಅವಳು ಮಾಡಲಿಲ್ಲ. ಮಾಡಿ ಏನು ಹೇಳುವುದು?

ಆಮೇಲೆ ಶಾಮಲೆ ಹುಟ್ಟಿದಳು. ಮಗುವನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಕದಿರೇಶನನ್ನು ದಿನಾ ಕಾಲ ಮೇಲೆ ಹಾಕಿಕೊಂಡು ಎಣ್ಣೆನೀರು ಹಾಕುತ್ತಿದ್ದವರು ಅಕ್ಕಯಮ್ಮ. ಈಗ ಆ ಕೆಲಸವನ್ನೂ ತಾನೇ ಮಾಡುತ್ತಿದ್ದಳು, ನೀರು ಬಿಸಿಯಾಯಿತೇನೋ, ಕಿವಿಗೆ ಹೋಯಿತೇನೋ ಎಂದು ನಡುಗುತ್ತ. ಅತ್ತೆ ದೂರದಲ್ಲಿ ಕಂಬಕ್ಕೊರಗಿ ಕೂತು ನೋಡುತ್ತಿದ್ದರು.

ಒಂದು ದಿನ ತಡೆಯಲಾರದೆ ಭಾರತಮ್ಮ ಕುಂಬಾರ ಮುನಿಯಲ್ಲಪ್ಪನ ಮನೆಗೆ ಹೋದಳು. ಹರಕೆಯ ಗೊಂಬೆಗಳನ್ನು ಮಾಡುತ್ತಿದ್ದವನು ಅವನೇ.

"ನಮ್ಮ ಕದಿರೇಶನ ಮುಖ ಮಾಡಿಕೊಡಪ್ಪ."

"ಅಯ್ಯೋ ತಾಯಿ, ನನ್ನ ಗೊಂಬೆಗಳಿಗೆಲ್ಲ ಒಂದೇ ಮುಖ. ಗಂಡುಮಗೂಗೂ ಅದೇ, ಹೆಣ್ಮಗೂಗೂ ಅದೇ. ನನ್ನ ಹೆಂಡ್ರು ಅಂತಾಳೆ, ನನ್ನ ಮುಖಾನೂ ಅಂಗೇ ಐತಂತೆ." ಅವಳು ನಗದಿದ್ದುದನ್ನು ಕಂಡು ಅವನ ದನಿ ಇಳಿಯಿತು. "ಮಣ್ಣು ಹದ ಮಾಡಿ ಕೊಡ್ತೀನಿ. ನೀನೇ ಮಾಡಮ್ಮ. ಒಳಗೆ ಟೊಳ್ಳಿರಲಿ, ನೆಳ್ಳಾಗೇ ಒಣಗಲಿ."

ಹಿತ್ತಿಲಲ್ಲಿ ಕೂತು ಮಾಡಿದಳು. ಕೆನ್ನೆ ಬಂತು. ಹಣೆ ಬಂತು ಅನ್ನಬಹುದು. ಮೂಗಿಗೆ ಬಂದರೆ ಕೈ ನಿಲ್ಲುತ್ತಿತ್ತು. ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಕೊನೆಗೆ ಮಣ್ಣನ್ನು ನೆಲಕ್ಕೆ ಕುಕ್ಕಿ, ಮಣ್ಣುಗೈಯಲ್ಲೇ ಮುಖ ಮುಚ್ಚಿಕೊಂಡಳು.

"ಮೂಗು ಅಂಗಿರಲಿಲ್ಲ ಕಣೇ," ಎಂದರು ಕಂಬದ ಬಳಿಯಿಂದ ಅಕ್ಕಯಮ್ಮ.

"ಮತ್ತೆ ಹೆಂಗಿತ್ತು? ಹೇಳಿ ಅತ್ತೆ! ನಂಗೆ ನೆನಪಿಲ್ಲ. ಹೆತ್ತೋಳಿಗೇ ನೆನಪಿಲ್ಲ!"

"ಬಾಯಲ್ಲಿ ಹೇಳಕ್ಕೆ ನಂಗೂ ಬರಲ್ಲ. ಆ ಮಣ್ಣು ಇಲ್ಲಿ ಕೊಡು. ಅರಳೆಣ್ಣೆ ತಾ."

ಮುದುಕಿ ಗೋಡೆಗೊರಗಿ ಕಾಲು ನೀಡಿ ಕೂತರು. ಮಣ್ಣಿನ ಮುದ್ದೆಯನ್ನು ಕೂಸಿನ ಹಾಗೆ ಮೊಣಕಾಲ ಕೆಳಗೆ ಎರಡೂ ಕಾಲ ಮೇಲೆ ಇಟ್ಟುಕೊಂಡರು. ಬೆರಳಿಗೆ ಎಣ್ಣೆ ಸವರಿ ಕಣ್ಣು ಮುಚ್ಚಿದರು. ಮೊದಲು ಅಂಗೈಯಲ್ಲಿ ತಲೆ ಒತ್ತಿದರು, ಹೆಬ್ಬೆರಳಲ್ಲಿ ಹುಬ್ಬು ತೀಡಿದರು. ಆಮೇಲೆ ಎರಡು ಬೆರಳ ನಡುವೆ ಮೂಗು ಹಿಡಿದು, ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆದರು. ಮಗು ಹುಟ್ಟಿದ ದಿನದಿಂದ ದಿನಾ ಬೆಳಗ್ಗೆ, ಮೂಗು ನೆಟ್ಟಗಾಗಲಿ ಎಂದು ಎಳೆಯುತ್ತಿದ್ದ ಹಾಗೆಯೇ. ನೋವಾಗುತ್ತದೆ ಬಿಡಿ ಅತ್ತೆ ಎಂದು ಭಾರತಮ್ಮ ಆಗ ಗೋಗರೆಯುತ್ತಿದ್ದಳು.

"ಎಷ್ಟು ತೀಡಿದ್ರೂ ತುದಿ ಮಾತ್ರ ಕೇಳ್ತಿರಲಿಲ್ಲ ಕಳ್ಳಂದು. ಮೇಲಕ್ಕೇ ಎದ್ದು ನಿಲ್ತಿತ್ತು," ಎಂದು ಅಕ್ಕಯಮ್ಮ ಬೆರಳ ತುದಿಯಿಂದ ಮಣ್ಣನ್ನು ಚೂರು ಎತ್ತಿದರು. "ನಾ ತಂಡ್ರೀ..." ಎಂದು, ನನ್ನಪ್ಪನೇ ಅನ್ನುವಂತೆ, ತೆಲುಗಿನಲ್ಲಿ ಒಮ್ಮೆ ಕರೆದರು. ಕೈ ಅಲ್ಲಿಗೇ ನಿಂತಿತು.

ಭಾರತಮ್ಮ ನೋಡಿದಳು. ಕಣ್ಣಿಲ್ಲ, ಬಾಯಿಲ್ಲ. ಆದರೂ ಅವನೇ. ಬೊಕ್ಕೆಗಳಿಲ್ಲದ ಕದಿರೇಶ ಅಜ್ಜಿಯ ಕಾಲ ಮೇಲೆ ಮಲಗಿದ್ದ. ಅಂದು ಅತ್ತೆ ಸೊಸೆ ಇಬ್ಬರೂ ಅತ್ತರು, ಸಾವಿನ ದಿನ ಒಬ್ಬರ ಮುಖ ಒಬ್ಬರು ನೋಡದೆ ನುಂಗಿಕೊಂಡಿದ್ದನ್ನೆಲ್ಲ. ಕಣ್ಣನ್ನೂ ಬಾಯನ್ನೂ ಭಾರತಮ್ಮ ತಾನೇ ಬಿಡಿಸಿದಳು.

ನೆರಳಲ್ಲಿ ಒಣಗಬೇಕು ಎಂದಿದ್ದ ಕುಂಬಾರ. ಆದರೆ ಮೋಡ ಕವಿಯುತ್ತಿತ್ತು. ಮಳೆ ಹಿಡಿದರೆ, ಥಂಡಿಗೆ ಮಣ್ಣು ಕುಸಿದುಬಿಟ್ಟರೆ? ಅವಳ ಜೀವ ತಡೆಯಲಿಲ್ಲ. ಬಿಸಿಲು ಬಿದ್ದ ಕೂಡಲೇ ಅಂಗಳಕ್ಕೆ ತಂದಿಟ್ಟಳು. ಮಧ್ಯಾಹ್ನಕ್ಕೆ ಹಣೆಯಿಂದ ಗಲ್ಲದವರೆಗೆ ಬಿರುಕು ಬಿಟ್ಟಿತ್ತು. ಎತ್ತಿಕೊಳ್ಳಲು ಹೋದರೆ ಕೈಯಲ್ಲೇ ಎರಡು ಹೋಳಾಯಿತು.

ಈ ಸಲವೂ ತನ್ನ ಭಯವೇ ಅವನನ್ನು ಕಿತ್ತುಕೊಂಡಿತ್ತು. ಕೂಗಿಕೊಳ್ಳಲು ಬಾಯಿ ತೆರೆದವಳು ಕಣ್ಣು ಮುಚ್ಚಿದಳು. ತುದಿ ಎದ್ದ ಮೂಗು ಹಾಗೇ ಕಂಡಿತು. ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳು. ತೊಟ್ಟಿಲಲ್ಲಿ ಶಾಮಲೆ ಎದ್ದು ಅಳತೊಡಗಿದಾಗ ಎತ್ತಿಕೊಂಡು ಬಂದು, ಅತ್ತೆಯ ಕಾಲ ಮೇಲೆ ಮಲಗಿಸಿದಳು.

"ಎಣ್ಣೆ ಒತ್ತಿ ಅತ್ತೆ."

ಅಕ್ಕಯಮ್ಮ ಬೆರಳಿಗೆ ಎಣ್ಣೆ ಸವರಿಕೊಂಡು ಶಾಮಲೆಯ ಹುಬ್ಬು ತೀಡಿದರು.

ಮರುದಿನ ಗಂಡ ಮುನಿಕೃಷ್ಣಪ್ಪನ ಜೊತೆ ಪೆಟ್ರೋಲಿನ ಬರದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಕೋಲಾರಕ್ಕೆ ಹೋದಳು. ಪೋಸ್ಟಾಫೀಸಿನಲ್ಲಿ ಬಹಳ ಹೊತ್ತು ಕಾದ ಮೇಲೆ "ಬೆಂಗಳೂರು ಬಂತು, ಜೋರಾಗಿ ಮಾತಾಡಿಯಮ್ಮ," ಎಂದರು ಅಲ್ಲಿನ ಗುಮಾಸ್ತರು.

"ಯಾರು? ಭಾರತೀನಾ? ಏನಾಯ್ತಮ್ಮ? ಮಗು..."

"ಮಗು ಚೆನ್ನಾಗಿದಾಳಪ್ಪ. ದಾಕೂ ಹಾಕಿಸಿದೀವಿ." ಅವಳು ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. "ಅಪ್ಪ, ಆ ಕ್ಯಾಮೆರಾ ಇನ್ನೂ ಇದೆಯಾ?"

ತಂತಿಯ ಗುಂಯ್ ಸದ್ದಿನ ನಡುವೆ ಅಪ್ಪನ ದನಿ ಬಂತು.

"ಇದೆ ಕಣಮ್ಮ. ಆವತ್ತು ಹಾಕಿಸಿದ ಸುರುಳಿ ಹಾಗೇ ಇದೆ. ಒಂದೂ ತೆಗೀಲಿಲ್ಲ."

"ತಗೊಂಡು ಬನ್ನಿ. ಬೆಳಗ್ಗೆ ಅತ್ತೆ ಶಾಮಲೆಗೆ ಎಣ್ಣೆ ಒತ್ತೋ ಹೊತ್ತಿಗೆ ಇರಬೇಕು ನೀವು. ಅವರ ಕೈಯೂ ಪಟದಲ್ಲಿ ಬರಲಿ."