ಹಾಡಿನ ಹಿಂದಿನ ಗುಂಯ್ ಸದ್ದು

ಇಪ್ಪತ್ತೆಂಟು ವರ್ಷ ಗಿರಣಿಯ ಮಗ್ಗಗಳ ಗದ್ದಲದಲ್ಲಿ ದುಡಿದಿದ್ದ ಹಾಲೇಶಪ್ಪ, ಸಾವಿರದ ಒಂಬೈನೂರ ತೊಂಬತ್ತೆಂಟರ ಹೊತ್ತಿಗೆ ವಿನೋಬನಗರದ ಮನೆಯಲ್ಲೇ ಹಳೆಯ ರೆಕಾರ್ಡ್ ಪ್ಲೇಯರುಗಳನ್ನು ರಿಪೇರಿ ಮಾಡುತ್ತಿದ್ದ. ಹರಿಹರದ ಸರೋಜಾ ಟೀಚರು ತಮ್ಮದನ್ನು ಮೂರನೇ ಸಲ ಹೊತ್ತು ತಂದರು.

"ಹಾಡಿನ ಹಿಂದೆ ಗುಂಯ್ ಅನ್ನೋದು ಇನ್ನೂ ಐತೆ ನೋಡ್ರಿ."

ರೆಕಾರ್ಡ್ ಹಾಕಿ ನೋಡಿದ ಹಾಲೇಶಪ್ಪನಿಗೆ ಹಾಡು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಹಿಂದಿನ ಎರಡು ಸಲವೂ ಸರಿಯಾಯಿತೆಂದು ತಾನೇ ಹೇಳಿ ಕಳಿಸಿದ್ದ. ಹಾಡು ನಿಲ್ಲಿಸಿ ಸ್ಪೀಕರಿನ ಕಾಗದದ ಮೇಲೆ ಬೆರಳಿಟ್ಟ. ಆದರೂ ಅದು ಸಣ್ಣಗೆ ನಡುಗುತ್ತಿತ್ತು.

"ನನ್ನ ಕಿವಿ ಮಂದ ಆಗ್ಯಾವ್ರಿ ಟೀಚರ್," ಎಂದು ಮೊದಲ ಬಾರಿಗೆ ಒಪ್ಪಿಕೊಂಡ.

ಸದ್ದು ಕೇಳಿ ಹೇಳಲು ಹೆಂಡತಿ ಕೊಟ್ರಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ವೈರು ಅಲುಗಾಡಿಸುತ್ತಾ ಹೋದ. ಗುಂಯ್ ಸದ್ದು ಬಾರದಂತೆ ತಡೆಯುವ ಅರ್ತಿಂಗ್ ವೈರಿನ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದ.

"ಈಗ ಹೋತು ನೋಡ್ರಿ," ಎಂದಳು ಕೊಟ್ರಮ್ಮ.

ಅವಳ ಮಾತು ನಂಬಿ ಪೆಟ್ಟಿಗೆ ಮುಚ್ಚಿದ. ಟೀಚರು ಖುಷಿಯಿಂದ ಹೋದರು. ತನ್ನ ಕೆಲಸ ಸರಿಯಾಯಿತೋ ಇಲ್ಲವೋ ಇನ್ನು ತನಗೇ ತಿಳಿಯದೆಂದು ಹೊಳೆದು, ಅವನಿಗೆ ಮಾತ್ರ ಕೂತಲ್ಲಿಂದ ಏಳಲು ಮನಸ್ಸಾಗಲಿಲ್ಲ.