ಮೂರು ಮೊಳದ ಜಾಗ

ಕಣ್ಣಿಗೆ ಕಾಣದುದನ್ನು ನಂಬುವವನು ನಾನಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗನಾದುದರಿಂದ ಹಾಗೆ ನಂಬದಿರುವುದು ನನ್ನ ಕರ್ತವ್ಯವೆಂದೂ ತಿಳಿದಿದ್ದೆ. ಇತರರು ಇಂಥ ಅನುಭವಗಳನ್ನು ಹೇಳುವಾಗ ಮೌನವಾಗಿ ಕೇಳಿ, ಮನಸ್ಸಿನಲ್ಲೇ ಅವುಗಳ ಕಾರಣಗಳನ್ನು ಹುಡುಕುತ್ತಿದ್ದೆ. ಈಗ ನನ್ನದೇ ಅನುಭವವನ್ನು ಬರೆಯಬೇಕಾಗಿದೆ. ಕಾರಣ ನನಗೆ ತಿಳಿದಿಲ್ಲವೆಂದು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಆರನೆಯ ಇಸವಿ. ನಾನು ಚೆನ್ನೈನ ಅಡ್ಯಾರ್‌ನಲ್ಲಿ ಒಂದು ಕಚೇರಿಯ ನೌಕರ. ಆ ವರ್ಷ ಮೇ ದಿನ ಸೋಮವಾರ ಬಂದಿದ್ದರಿಂದ ಮೂರು ದಿನಗಳ ರಜೆ ಸಿಕ್ಕಿತ್ತು. ಸಹೋದ್ಯೋಗಿ ಪ್ರಭಾಕರ ನಮ್ಮ ಆರು ಜನರ ತಂಡವನ್ನು ಆಂಧ್ರದ ಗಡಿಯ ಬೆಟ್ಟಗಳಿಗೆ ಚಾರಣಕ್ಕೆ ಹೊರಡಿಸಿದ. ಉಡುಪಿ ಕಡೆಯಿಂದ ಬಂದ ಅವನ ತಂದೆ ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದರು. ಹಗ್ಗ, ಪ್ಲಾಸ್ಟಿಕ್ ಹಾಳೆ, ಅವಲಕ್ಕಿ ಎಲ್ಲವೂ ಅಲ್ಲಿಂದಲೇ ಬಂದವು.

ಡೇರೆ ಹಾಕುವ ಜಾಗವನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹಳ್ಳಿಯವನೆಂಬುದಷ್ಟೇ ಅದಕ್ಕೆ ಕಾರಣ. ನನ್ನ ತಂದೆ ಕುರಿ ಕಾಯುತ್ತಿದ್ದರೆಂಬುದು ತಂಡದವರಿಗೆ ತಿಳಿದಿರಲಿಲ್ಲ. ಕಚೇರಿಯಲ್ಲಿ ನಾನು ಅವರನ್ನು ಕೃಷಿಕರೆಂದು ಹೇಳಿದ್ದೆ.

ತಂದೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಸಿರಾ ಸೀಮೆಯ ನಮ್ಮ ಊರಿನಿಂದ ಅವರು ಪ್ರತಿ ಬೇಸಿಗೆಯಲ್ಲಿ ಮಂದೆಯೊಡನೆ ಮೇವು ಅರಸುತ್ತ ಹೊರಡುತ್ತಿದ್ದರು. ಶಾಲೆಯ ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಬಿಡಾರ ಹೂಡುವಾಗ ಅವರದೊಂದು ಕ್ರಮವಿತ್ತು. ಮೂರು ಕಲ್ಲಿನ ಒಲೆ. ಮುದ್ದೆ ತಿರುವುವ ಕೋಲು ಮಣ್ಣಿಗೆ ತಾಗದಿರಲೆಂದು ಪಕ್ಕದಲ್ಲಿ ನಾಲ್ಕನೆಯ ಪುಟ್ಟ ಕಲ್ಲು. ತಂಗಡಿ ಗಿಡದ ಕೊಂಬೆಯಿಂದ ನೆಲವನ್ನು ಗುಡಿಸಿ, ಮಲಗುವ ಜಾಗವನ್ನು ಮೊಳ ಹಾಕಿ ಅಳೆದು, ತಲೆಯ ಕಡೆಗೆ ಚಪ್ಪಟೆ ಕಲ್ಲನ್ನಿಡುತ್ತಿದ್ದರು. ಅವರಿಗೆ ನಾಲ್ಕು ಮೊಳ, ನನಗೆ ಮೂರು.

ನನಗೆ ಹನ್ನೆರಡು ವರ್ಷವಾದಾಗ, ಪರೀಕ್ಷೆ ಮುಗಿದ ಮೇಲೆ ಬಂದು ಸೇರುತ್ತೇನೆಂದು ಅವರಿಗೆ ಮಾತು ಕೊಟ್ಟೆ. ಆದರೆ ವಿದ್ಯಾರ್ಥಿವೇತನದ ಪರೀಕ್ಷೆಗೆ ಓದಬೇಕೆಂದು ಹಾಸ್ಟೆಲಿನಲ್ಲಿಯೇ ಉಳಿದೆ. ಆ ಬೇಸಿಗೆ ಮಂದೆ ಮರಳಿತು, ತಂದೆ ಮರಳಲಿಲ್ಲ. ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಲು ಹೋದವರು ಮತ್ತೆ ಕಾಣಲಿಲ್ಲವೆಂದು ಜೊತೆಗಾರರು ಹೇಳಿದರು. ಹೋದ ಹೋದ ಬಿಡಾರದಲ್ಲೆಲ್ಲ ಅವರು ನನಗಾಗಿ ಮೂರು ಮೊಳದ ಜಾಗವನ್ನು ಗುಡಿಸಿಡುತ್ತಿದ್ದರೆಂದೂ ಹೇಳಿದರು. ಅವರು ಬದುಕಿದ್ದಾರೆಂದು ನಂಬಿದ ನನ್ನ ತಾಯಿ ತಿಥಿ ಮಾಡಿಸಲು ಒಪ್ಪಲಿಲ್ಲ. ಅವರ ಕಂಬಳಿಯನ್ನು ಪ್ರತಿ ಸಂಜೆ ಜಗಲಿಯ ಮೇಲೆ ಹಾಸಿಡುತ್ತಿದ್ದರು.

ಶನಿವಾರ ಮಧ್ಯಾಹ್ನ ನಾವು ಬೆಟ್ಟವನ್ನು ತಲುಪಿದಾಗ ನೀರಿನ ಮಡುಗಳ ಸುತ್ತ ಕಾಲಿಡಲು ಸ್ಥಳವಿರಲಿಲ್ಲ. ಅರ್ಧ ಚೆನ್ನೈ ಅಲ್ಲಿಗೆ ಬಂದಂತಿತ್ತು. ಮೊದಲ ಮಡು, ಎರಡನೆಯ ಮಡು, ಎಲ್ಲೆಡೆ ಡೇರೆಗಳು. ನಾನು ತಂಡಕ್ಕಿಂತ ಮುಂದೆ ನಡೆದು, ತೊರೆಯ ಮೇಲ್ಭಾಗದಲ್ಲಿ ಒಂದು ಸಮತಟ್ಟಾದ ಜಾಗವನ್ನು ಕಂಡೆ. ಅದನ್ನು ಯಾರೋ ಗುಡಿಸಿದ್ದರು. ಬೇರೆ ತಂಡದವರು ಹಿಡಿದಿಟ್ಟಿದ್ದಾರೆಂದು ಭಾವಿಸಿ ಮುಂದುವರಿದೆ. ಇನ್ನೂ ಮೇಲಿನ ಜಾಗವೂ ಹಾಗೆಯೇ ಇತ್ತು. ಅಲ್ಲಿ ಮೂರು ಕಲ್ಲಿನ ಒಲೆ ಕಂಡಿತು. ಪಕ್ಕದಲ್ಲಿ ಪುಟ್ಟದೊಂದು ಕಲ್ಲು.

ಕಲ್ಲುಗಳನ್ನು ಯಾರು ಬೇಕಾದರೂ ಇಡಬಹುದೆಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಜಾಗ ಒಂದು ಆಲದ ಮರದ ಕೆಳಗಿತ್ತು. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಸುತ್ತ ಒಂದೇ ಒಂದು ಕುರಿಯ ಹಿಕ್ಕೆಯಾಗಲಿ, ಗೊರಸಿನ ಗುರುತಾಗಲಿ ಇರಲಿಲ್ಲ. ಅಕ್ಕಪಕ್ಕದಲ್ಲಿ ಗುಡಿಸಿದ ಎರಡು ಮಲಗುವ ಜಾಗಗಳು, ಎರಡಕ್ಕೂ ತಲೆಯ ಕಡೆ ಚಪ್ಪಟೆ ಕಲ್ಲು. ಕುಕ್ಕರುಗಾಲಿನಲ್ಲಿ ಕುಳಿತು ಚಿಕ್ಕದನ್ನು ಮೊಳ ಹಾಕಿ ನೋಡಿದೆ. ಸರಿಯಾಗಿ ಮೂರು ಮೊಳ.

ಅಷ್ಟರಲ್ಲಿ ಪ್ರಭಾಕರ ಏದುಸಿರು ಬಿಡುತ್ತ ಬಂದ. "ಎಂಥ ಮಾರಾಯ, ಇಷ್ಟು ಒಳ್ಳೆ ಜಾಗ ಉಂಟು, ಸುಮ್ಮನೆ ಕೂತಿದ್ದೀಯಲ್ಲ? ಟೆಂಟ್ ಬಿಚ್ಚುವಾ."

ಇರುವೆಗಳಿವೆ, ಬೇಡವೆಂದೆ.

"ಇರುವೆಯಾ? ಎಲ್ಲಿ ಕಾಣ್ತಿಲ್ವಲ್ಲ. ಡಿಗ್ರಿ ಮಾಡಿದವನಿಗೆ ಎಸಿ ರೂಮೇ ಬೇಕಾ? ಸರಿಪ್ಪಾ, ನಡಿ."

ಆ ಜಾಗದಲ್ಲಿ ಬೇರೆಯವರು ಮಲಗುವುದನ್ನು ನನ್ನಿಂದ ನೋಡಲಾಗದೆಂದು ಅವನಿಗೆ ಹೇಗೆ ಹೇಳುವುದು? ಅದಕ್ಕೆ ತಂದೆಯ ಕಥೆಯೆಲ್ಲ ಹೇಳಬೇಕಾಗುತ್ತಿತ್ತು. ಕೊನೆಗೆ ಅಲ್ಲಿಂದ ಇನ್ನೂರು ಹೆಜ್ಜೆ ಆಚೆ, ಇಳಿಜಾರಾದ ಬಂಡೆಯ ಮೇಲೆ ಡೇರೆಗಳನ್ನು ಕಟ್ಟಿದೆವು. ಹಗಲೆಲ್ಲ ಕಾದ ಬಂಡೆ ಬೆಳಗಿನವರೆಗೂ ಆರಲಿಲ್ಲ. ತಂಡದವರು ನನ್ನನ್ನು ತಮಿಳಿನಲ್ಲಿ ಮನಸಾರೆ ಬೈದರು. ಅದು ನ್ಯಾಯವೇ ಆಗಿತ್ತು.

ನಾನು ನಿದ್ರಿಸಲಿಲ್ಲ. ಅಲ್ಲಿಗೆ ಹೋಗಲು ಧೈರ್ಯವೂ ಬರಲಿಲ್ಲ. ಬೆಳಕು ಹರಿದ ಮೇಲೆ, ನೀರು ತರುವ ನೆಪದಲ್ಲಿ ಆಲದ ಮರದ ಬಳಿಗೆ ನಡೆದೆ.

ಒಲೆ ಹಾಗೆಯೇ ಇತ್ತು. ದೊಡ್ಡ ಜಾಗವೂ ಹಾಗೆಯೇ ಇತ್ತು. ಚಿಕ್ಕ ಜಾಗ ಮಾತ್ರ ಚಿಕ್ಕದಾಗಿರಲಿಲ್ಲ. ತಲೆಯ ಕಲ್ಲನ್ನು ಯಾರೋ ಹಿಂದಕ್ಕೆ ಸರಿಸಿದ್ದರು; ಅದು ಮೊದಲಿದ್ದ ಕಡೆ ಹಸಿ ಮಣ್ಣಿನ ಗುಳಿ ಕಾಣುತ್ತಿತ್ತು. ಕಲ್ಲು ಸರಿದಷ್ಟು ನೆಲವನ್ನು ಹೊಸದಾಗಿ ಗುಡಿಸಲಾಗಿತ್ತು. ಕೊಂಬೆಯ ಗೀರುಗಳು ಸ್ಪಷ್ಟವಾಗಿದ್ದವು. ಮೊಳ ಹಾಕಿದೆ. ನಾಲ್ಕು ಮೊಳ, ಬೆಳೆದುನಿಂತ ನನ್ನ ಎತ್ತರ.

ಅಪ್ಪಾ ಎಂದು ಕೂಗಬೇಕೆನಿಸಿತು. ಅದಕ್ಕಿಂತಲೂ ಹೆಚ್ಚಾಗಿ, ಅಲ್ಲಿ ಮಲಗಬೇಕೆನಿಸಿತು. ಮೊಣಕಾಲೂರಿದೆ ಕೂಡ. ಆಗ ತೊರೆಯ ಆಚೆ ದಡದಿಂದ ಪ್ರಭಾಕರ ನನ್ನನ್ನೇ ನೋಡುತ್ತಿರುವುದು ಕಂಡಿತು. ನಾನು ಎದ್ದು, ಪ್ಯಾಂಟಿನ ಮಣ್ಣನ್ನು ಕೊಡವಿಕೊಂಡು, ಬಾಟಲಿಗಳಿಗೆ ನೀರು ತುಂಬಿಸಿದೆ.

ಮುಂದಿನ ತಿಂಗಳು ಊರಿಗೆ ಹೋದಾಗ ತಾಯಿಗೆ ಎಲ್ಲವನ್ನೂ ಹೇಳಿದೆ. ಒಲೆಯನ್ನು ಕುರಿತು, ಬೂದಿಯನ್ನು ಕುರಿತು ಅವರು ಏನನ್ನೂ ಕೇಳಲಿಲ್ಲ.

"ಅದ್ರಾಗೆ ಮನಿಕ್ಕಂಡ್ಯಾ, ಮಗ?"

ಇಲ್ಲವೆಂದೆ.

"ಒಂದು ಗಳಿಗೇನಾದ್ರೂ?"

ನಾನು ಉತ್ತರಿಸಲಿಲ್ಲ. ಆ ಸಂಜೆ ತಾಯಿ ಕಂಬಳಿಯನ್ನು ಹಾಸಲಿಲ್ಲ. ಮರುದಿನ ನಾನು ಬಸ್ಸಿಗೆ ಹೊರಟಾಗ, "ಇನ್ನೆಷ್ಟು ವರ್ಸ ನಿನ್ನ ಕಾದಾರು? ಐನೋರ್ನ ಕೇಳ್ಕಂಡ್ ಬಾ, ತಿಥಿ ಮಾಡ್ಸಾನ," ಎಂದಷ್ಟೇ ಹೇಳಿದರು. ಹದಿನೈದು ವರ್ಷ ಯಾರು ಹೇಳಿದರೂ ಒಪ್ಪದಿದ್ದವರು ನನ್ನ ಒಂದು ಮೌನಕ್ಕೆ ಒಪ್ಪಿಬಿಟ್ಟರು.

ತಿಥಿಯಾಯಿತು. ಅನಂತರದ ಎರಡು ಬೇಸಿಗೆಗಳಲ್ಲಿ ನಾನೊಬ್ಬನೇ ಆ ಬೆಟ್ಟಕ್ಕೆ ಹೋದೆ. ಒಲೆಯನ್ನು ಯಾರು ಹೂಡಿದರು, ಕಲ್ಲನ್ನು ಯಾರು ಸರಿಸಿದರು ಎಂಬುದಕ್ಕೆ ಒಂದು ಕಾರಣ ಸಿಗಬಹುದೆಂದು ಆಶಿಸಿದ್ದೆ. ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಎರಡನೆಯ ಸಲ ಆಲದ ಮರದ ಕೆಳಗೆ ಚೆನ್ನೈನ ಯಾವುದೋ ತಂಡದವರು ಡೇರೆ ಹಾಕಿದ್ದರು. ಅವರ ಅನುಮತಿ ಪಡೆದು, ಅವರೆಲ್ಲರೂ ನೋಡುತ್ತಿದ್ದಂತೆ, ಗುಡಿಸದ ಆ ನೆಲದ ಮೇಲೆ ಸ್ವಲ್ಪ ಹೊತ್ತು ಮಲಗಿದೆ. ತಲೆಯ ಕಡೆಗೆ ಕಲ್ಲಿರಲಿಲ್ಲ.