ಒಣಗಬೇಕಿದ್ದ ಮೆಂತ್ಯ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಗಾಜಿನ ಬಾಟಲಿ ಇದೆ. ಅದರೊಳಗೆ ದಾರಕ್ಕೆ ಅಂಟಿಕೊಂಡ ಒಂದು ಸಕ್ಕರೆಯ ಹರಳು, ಹೆಬ್ಬೆರಳಿನಷ್ಟು ದಪ್ಪ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು ನಾನು ಬೆಳೆಸಿದ್ದು. ಇಡೀ ಕ್ಲಾಸಿನಲ್ಲಿ ನನ್ನದೇ ದೊಡ್ಡದಾಗಿತ್ತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅವ್ವ ಆ ಬಾಟಲಿ ತೋರಿಸಿ, “ನಮ್ಮಾಕಿ ಸೈಂಟಿಸ್ಟ್ ಆಗಾಕಿ” ಎನ್ನುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನ ಪ್ರತಿಭಾ ಪರೀಕ್ಷೆಗೆ ಕೂರುತ್ತೇನೆಂದು ಹಟ ಹಿಡಿದದ್ದಕ್ಕೆ ಆ ಹರಳೇ ಕಾರಣ. ನನಗೆ ವಿಜ್ಞಾನ ಬರುತ್ತದೆ ಎಂದು ನಾನು ನಂಬಿದ್ದೇ ಅದನ್ನು ನೋಡಿ.

ನಾವು ಕಲಬುರಗಿ ಕಡೆಯವರು. ಅಪ್ಪನಿಗೆ ಬ್ಯಾಂಕಿನಲ್ಲಿ ನೌಕರಿ. ವರ್ಗವಾಗಿ ನಾಸಿಕಕ್ಕೆ ಬಂದಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂಬಡ್ ಕಡೆ ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ, ಕೆಳಗಿನ ಸಾಲು ಕೋಣೆಗಳಲ್ಲಿ ಫ್ಯಾಕ್ಟರಿ ಕೆಲಸದವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮರಾಠಿ. ಕನ್ನಡ ಅಕ್ಷರವನ್ನು ಅಪ್ಪ ರಜೆಯ ದಿನಗಳಲ್ಲಿ ಕಿವಿ ಹಿಂಡಿ ಕಲಿಸಿದರು. ಆದರೂ ನನ್ನ ಬಾಯಲ್ಲಿ ಎರಡೂ ಭಾಷೆ ಕಲಸಿಹೋಗಿದ್ದವು.

ಪರೀಕ್ಷೆಯ ಮೊದಲ ಎರಡು ಸುತ್ತು ನಾಸಿಕದಲ್ಲೇ ಇದ್ದವು, ಒಂದು ಬರೆಯುವುದು, ಇನ್ನೊಂದು ಪ್ರಯೋಗಾಲಯದಲ್ಲಿ ಮಾಡಿ ತೋರಿಸುವುದು. ಅಪ್ಪ ಬ್ಯಾಂಕಿನಿಂದ ಬಂದವರೇ ಶರ್ಟು ಬದಲಾಯಿಸದೆ ನನ್ನ ಜೊತೆ ಕೂರುತ್ತಿದ್ದರು. ಅವರಿಗೆ ವಿಜ್ಞಾನ ಅಷ್ಟಕ್ಕಷ್ಟೇ. ಆದರೆ ಒಂದು ಮಾತನ್ನು ಮಾತ್ರ ತಲೆ ಚಿಟ್ಟು ಹಿಡಿಯುವಷ್ಟು ಹೇಳುತ್ತಿದ್ದರು: “ಕಂಡಷ್ಟ ಬರಿ. ಕಾಣಲಾರದ್ದು ಬರೀಬ್ಯಾಡ.” ಒಮ್ಮೆ ಥರ್ಮಾಮೀಟರಿನ ಅಂಕಿಯನ್ನು ನಾನು ಅಂದಾಜಿನ ಮೇಲೆ ಬರೆದದ್ದಕ್ಕೆ ನೀರು ಮತ್ತೆ ಕಾಯಿಸಿ, ಮತ್ತೆ ನೋಡಿ ಬರೆಯಲು ಹಚ್ಚಿದ್ದರು. ಎರಡೂ ಸುತ್ತಿನಲ್ಲಿ ನಾನು ಪಾಸಾದೆ.

ಉಳಿದದ್ದು ಮೂರನೆಯದು. ಸ್ವಂತ ಪ್ರಯೋಗವೊಂದನ್ನು ಮಾಡಿ, ಅದರ ಫಲಿತಾಂಶ ಹಿಡಿದುಕೊಂಡು ಛತ್ರಪತಿ ಸಂಭಾಜಿನಗರದಲ್ಲಿ ಸಂದರ್ಶನಕ್ಕೆ ಹೋಗಬೇಕು. ಕೆಳಗಿನ ಕೋಣೆಗಳ ಮುಂದೆ ದಿನವೂ ಬಟ್ಟೆ ಒಗೆದ ನೀರು ಗಟಾರಿಗೆ ಹರಿದುಹೋಗುವುದನ್ನು ನೋಡುತ್ತಿದ್ದೆ. ಆ ನೀರಿನಲ್ಲಿ ಪಲ್ಯದ ಸೊಪ್ಪು ಬೆಳೆಯುತ್ತದೆಯೇ? ಇದೇ ನನ್ನ ಪ್ರಶ್ನೆ. ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಎರಡು ಕುಂಡ ಇಟ್ಟು ಎರಡರಲ್ಲೂ ಮೆಂತ್ಯ ಬಿತ್ತಿದೆ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬಟ್ಟೆ ಒಗೆದ ಸಾಬೂನು ನೀರು. ಆ ನೀರನ್ನು ಒಂದು ಕ್ಯಾನಿನಲ್ಲಿ ತುಂಬಿ ಬಚ್ಚಲಲ್ಲಿ ಇಡುತ್ತಿದ್ದೆ.

ಹೂಕುಂಡಕ್ಕೆ ಮರಾಠಿಯಲ್ಲಿ ‘ಕುಂಡಿ’ ಎನ್ನುತ್ತಾರೆ. ಕನ್ನಡದಲ್ಲಿ ಅದೇನೆಂದು ನಾನು ಹೇಳಬೇಕಿಲ್ಲ. ಶಾಲೆಗೆ ಓಡುವ ಗಡಿಬಿಡಿಯಲ್ಲಿ ಒಂದು ದಿನ ಮೆಟ್ಟಿಲಿನಿಂದಲೇ ಕೂಗಿದೆ: “ಅವ್ವಾ, ನನ್ನ ಕುಂಡಿ ಯಾರೂ ಮುಟ್ಟಬ್ಯಾಡ್ರಿ!” ಅಪ್ಪ ಚಹಾ ಉಗುಳಿ ನಕ್ಕರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, “ಕುಂಡ ಅನ್ನು ನನ್ನವ್ವಾ, ಕುಂಡ ಅನ್ನು” ಎಂದು ಬಾಗಿಲ ತನಕ ಓಡಿಬಂದಳು. ಊರಿನ ನೆಂಟರಿಗೆಲ್ಲ ಫೋನಿನಲ್ಲಿ ಹಂಚಿಯಾಯಿತು. ಆ ಮಾತನ್ನು ಈಗ ನೆನೆದರೆ ನಗು ಬರುವುದಿಲ್ಲ. ನಾನು ಕೇಳಿಕೊಂಡಿದ್ದು ಅದೊಂದೇ, ಮುಟ್ಟಬೇಡಿ ಎಂದು.

ಎರಡೂ ಕುಂಡಗಳಲ್ಲಿ ಮೊಳಕೆ ಬಂತು. ಕೆಲವು ದಿನಗಳಲ್ಲಿ ಸಾಬೂನು ನೀರಿನ ಮೆಂತ್ಯದ ಎಲೆ ಹಳದಿಯಾಗತೊಡಗಿತು. ನನಗೆ ಬೇಜಾರಾಯಿತು, ನಿಜ. ಆದರೆ ಕಂಡಷ್ಟು ಬರೆದೆ. ಆಮೇಲೆ ಶಾಲೆಯವರು ಪಂಚವಟಿಗೆ, ನದಿಯ ಘಾಟಿನಲ್ಲಿ ನೀರಿನ ಮಾದರಿ ತೆಗೆಯಲು ಕರೆದುಕೊಂಡು ಹೋದರು. ಸಂಜೆ ಬಂದು ನೋಡಿದರೆ ಮೆಂತ್ಯ ಎದ್ದು ನಿಂತಿತ್ತು! ಮುಂದಿನ ದಿನಗಳಲ್ಲಿ ಇನ್ನೂ ಚಿಗುರಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಿಡ ಮೊದಲು ಬಾಡುತ್ತದೆ, ಆಮೇಲೆ ಸಾಬೂನಿಗೆ ಒಗ್ಗಿಕೊಳ್ಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಚಾರ್ಟಿನ ಮೇಲೆ ಬರೆದೆ. ಶಾಲೆಯ ಮೇಡಂ ಬೆನ್ನು ತಟ್ಟಿದರು. ಕೆಳಗಿನ ಕೋಣೆಯಲ್ಲಿ ನಾನು ಕಾಕು ಎಂದು ಕರೆಯುತ್ತಿದ್ದ ಹೆಂಗಸು ನನ್ನ ಮಾತು ನಂಬಿ ತನ್ನ ಪುದೀನಕ್ಕೂ ಅದೇ ನೀರು ಹಾಕಿದಳು. ಪುದೀನ ಸುಟ್ಟಂತೆ ಒಣಗಿತು. ನಾನು ಅವಳಿಗೇ ಪಾಠ ಹೇಳಿದೆ, ನೀವು ಬಿಸಿ ನೀರು ಹಾಕಿರಬೇಕು ಎಂದು.

ಅಪ್ಪನಿಗೆ ರಜೆ ಸಿಗಲಿಲ್ಲ. ಸಂದರ್ಶನದ ಹಿಂದಿನ ದಿನ ಅವ್ವ ಮತ್ತು ನಾನು ಬಸ್ಸು ಹತ್ತಿದೆವು. ತಲಾ ಒಂದು ಕುಂಡ ತೊಡೆಯ ಮೇಲೆ. ಕಂಡಕ್ಟರ್ ಮೆಂತ್ಯ ನೋಡಿ, ಸಂತೆಗೆ ಹೊರಟಿದ್ದೀರಾ ಎಂದು ತಮಾಷೆ ಮಾಡಿದ. ದೌಲತಾಬಾದ್ ಹತ್ತಿರ ಬಂದಾಗ ಕೋಟೆ ತೋರಿಸಿ ಅವ್ವ, “ಛಲೋ ಆತಂದ್ರ ಬರೂಮುಂದ ಇಲ್ಲಿ ಇಳಿಯೂಣು. ಪೇರಲಹಣ್ಣು ತಿಂದು ಕೋಟೆ ಹತ್ತೂಣು” ಎಂದಳು.

ಉಳಿದುಕೊಂಡದ್ದು ದೊಡ್ಡವ್ವನ ಮನೆಯಲ್ಲಿ. ದೊಡ್ಡಪ್ಪ ಅಲ್ಲಿ ಬಟ್ಟೆ ಅಂಗಡಿ ಇಟ್ಟು ಬಹಳ ವರ್ಷಗಳಾಗಿವೆ. ಸಂಜೆ ನಾನು ಪಡಸಾಲೆಯಲ್ಲಿ ಚಾರ್ಟು ಹರಡಿಕೊಂಡು ನಾಳೆ ಹೇಳಬೇಕಾದದ್ದನ್ನು ಮರಾಠಿಯಲ್ಲಿ ಗುನುಗುತ್ತಿದ್ದೆ. ಅಡುಗೆಮನೆಯಿಂದ ಅಕ್ಕತಂಗಿಯರ ನಗು ಕೇಳಿಸಿತು. ಮತ್ತೆ ನನ್ನ ಕುಂಡಿಯ ಕತೆಯೇ ಇರಬೇಕು, ಹೋಗಿ ಜಗಳ ತೆಗೆಯೋಣ ಎಂದು ಎದ್ದೆ.

ಬಾಗಿಲ ಹತ್ತಿರ ಬಂದಾಗ ಅವ್ವ ಹೇಳುತ್ತಿದ್ದಳು: “ಏನ್ ಮಾಡ್ಲಕ್ಕಾ, ಹಳದಿ ಬಿದ್ದು ಎಲ್ಲಾ ಸತ್ತೇ ಹೋಗಿದ್ವು. ಪರೀಕ್ಷಾ ಬಂದದ, ಹುಡುಗಿ ಮಾರಿ ಸಣ್ಣದ್ ಮಾಡ್ಕೊಂಡು ಕುಂತದ. ಆಕಿ ಪಂಚವಟಿಗ ಹೋದಾಗ ಅವು ಕಿತ್ತಿ ಒಗದು, ನಾ ಡಬ್ಬಿದಾಗ ಬೆಳಸಿದ್ದ ಮೆಂತಿ ತಂದು ನಟ್ಟೆ. ಕ್ಯಾನಿನ ನೀರೂ ಚೆಲ್ಲಿ ನಲ್ಲಿ ನೀರು ತುಂಬ್ತಿದ್ದೆ. ಬುರುಗು ಕಾಣ್ಬೇಕಲ್ಲ, ಅದಕ್ಕ ಸಾಬೂನಿಂದು ಒಂದು ಚೂರು.”

ದೊಡ್ಡವ್ವ ನಕ್ಕಳು. ಅವ್ವನೂ ನಕ್ಕಳು. ಆಮೇಲೆ ಅವ್ವ ನನ್ನನ್ನು ನೋಡಿದಳು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವತ್ತು ಅದು ಬರಲಿಲ್ಲ. “ಯಾಕ ಮುಟ್ಟಿದಿ?” ಎಂದಷ್ಟೇ ಕೇಳಿದೆ.

“ನಿನ್ನ ಸಲುವಾಗೇ ಮಾಡೀನಿ. ಸತ್ತ ಗಿಡ ತಗೊಂಡು ಹೋದ್ರ ಯಾರರ ಬಹುಮಾನ ಕೊಡ್ತಾರೇನು?”

“ಅದು ಸಾಯೂದೇ ಉತ್ತರ ಇತ್ತವ್ವಾ.”

ಅವ್ವನಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗಿಡ ಬದುಕಿದರೆ ಪಾಸು, ಸತ್ತರೆ ನಪಾಸು. ಇಷ್ಟು ದಿನ ಅವಳು ನನ್ನ ಪ್ರಯೋಗವನ್ನು ತಿಳಿದುಕೊಂಡದ್ದು ಹಾಗೆ. ಅದನ್ನಾದರೂ ನಾನು ಕ್ಷಮಿಸಬಹುದಿತ್ತು. ಅಪ್ಪನಿಗೆ ಫೋನು ಮಾಡಿ ಅಳುತ್ತ ಎಲ್ಲ ಹೇಳಿದೆ. ಈಗ ಸಿಡಿಯುತ್ತಾರೆ, ಅವ್ವನಿಗೆ ಬೈಯುತ್ತಾರೆ ಎಂದು ಕಾದೆ. ಅವರು, “ಅವ್ವಗ ಏನೂ ಅನಬ್ಯಾಡ” ಎಂದರು.

“ನಿಮಗ ಗೊತ್ತಿತ್ತೇನ್ರಿ, ಅಪ್ಪಾ?”

“ನಾಳೆ ಇಂಟರ್‌ವ್ಯೂ ಮುಗೀಲಿ ಮಗಾ. ಈಗ ಸುಮ್ಮನಿರು. ಚಾರ್ಟಿನ್ಯಾಗ ಇದ್ದಂಗ ಹೇಳಿ ಬಾ.”

ಥರ್ಮಾಮೀಟರಿನ ಅಂಕಿಗೆ ಮತ್ತೆ ನೀರು ಕಾಯಿಸಿದ ಮನುಷ್ಯ ಇವರೇ. ಅವ್ವ ಕ್ಯಾನು ತುಂಬುವುದನ್ನು ನೋಡಿಕೊಂಡೇ ನನಗೆ ಕಂಡಷ್ಟು ಬರಿ ಎಂದಿದ್ದರು. ಕಾಣುವಂತೆ ಅವರೇ ಜೋಡಿಸಿಟ್ಟದ್ದನ್ನು ನಾನು ಅಚ್ಚುಕಟ್ಟಾಗಿ ಬರೆದಿದ್ದೆ. ಅವ್ವ ಮಾಡಿದ್ದಕ್ಕಿಂತ ಅಪ್ಪ ಗೊತ್ತಿದ್ದೂ ಹೇಳದಿದ್ದದ್ದನ್ನೇ ನನಗೆ ಕ್ಷಮಿಸಲಾಗಲಿಲ್ಲ. ಇಂದಿಗೂ ಆಗಿಲ್ಲ.

ಮರುದಿನ ಸಂದರ್ಶನದ ಕೋಣೆಯಲ್ಲಿ ಇಬ್ಬರು ಪರೀಕ್ಷಕರಿದ್ದರು, ಒಬ್ಬರು ಹಿರಿಯರು, ಒಬ್ಬರು ಮೇಡಂ. ಅವ್ವ ಹೊರಗೆ ಉಳಿದ ಮಕ್ಕಳ ತಾಯಿತಂದೆಯರ ಜೊತೆ ಬೆಂಚಿನ ಮೇಲೆ, ಬಾಗಿಲು ಅರ್ಧ ತೆರೆದಿತ್ತು. ಮೇಡಂ ಚಾರ್ಟು ನೋಡಿ ಕಣ್ಣರಳಿಸಿದರು. ಹಳದಿಯಾದ ಗಿಡ ಮತ್ತೆ ಚಿಗುರಿದ್ದು ಹೇಗೆಂದು ನಿನಗನ್ನಿಸುತ್ತದೆ ಎಂದು ಮರಾಠಿಯಲ್ಲಿ ಕೇಳಿದರು. ರಾತ್ರಿಯಿಡೀ ನಾನು ಹೆದರಿದ್ದ ಪ್ರಶ್ನೆ ಅದೇ.

“ಚಿಗುರಲಿಲ್ಲ, ಅವು ಬೇರೆ ಗಿಡ. ನೀರೂ ಬೇರೆ. ನನಗೆ ನಿನ್ನೆ ಸಂಜೆ ಗೊತ್ತಾಯಿತು,” ಎಂದೆ.

“ಯಾರು ಬದಲಾಯಿಸಿದರು?”

“ಆಯಿ. ನನ್ನ ಅವ್ವ.”

ಹಿರಿಯರು ದೊಡ್ಡದಾಗಿ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಎಲ್ಲ ತಾಯಂದಿರೂ ಹೀಗೇ ಎನ್ನುವ ನಗು. ಮೇಡಂ ನಗಲಿಲ್ಲ. ನಿಜ ಹೇಳಿದ್ದಕ್ಕೆ ಅವರೇನಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂದು ನಾನು ಆಸೆಯಿಂದ ನೋಡಿದೆ. ಹೇಳಬಾರದೇಕೆ? ಚಿಕ್ಕಂದಿನಿಂದ ಕೇಳಿದ ಕತೆಗಳಲ್ಲೆಲ್ಲ ಹಾಗೇ ಆಗುತ್ತಿತ್ತು. ಅವರು ಚಾರ್ಟು ಮಡಚಿ ನನ್ನ ಕಡೆ ಸರಿಸಿದರು. “ಹಾಗಾದರೆ ನಿನ್ನ ಹತ್ತಿರ ಫಲಿತಾಂಶವೇ ಇಲ್ಲವಲ್ಲ” ಎಂದರು. ಅದು ಸರಿಯಾದ ಮಾತಾಗಿತ್ತು. ಪದಕದ ಪಟ್ಟಿಯಲ್ಲಿ ನಾನಿರಲಿಲ್ಲ.

ವಾಪಸು ಬರುವಾಗ ದೌಲತಾಬಾದಿನಲ್ಲಿ ನಾವು ಇಳಿಯಲಿಲ್ಲ. ಪೇರಲ ಮಾರುವ ಹೆಂಗಸು ಬುಟ್ಟಿಯನ್ನು ಕಿಟಕಿಗೆ ಎತ್ತಿ ಹಿಡಿದಳು. ಅವ್ವ ಬೇಡವೆಂದು ತಲೆಯಾಡಿಸಿದಳು. ಬಸ್ಸು ಹೊರಟ ಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು:

“ಗಿಡ ಸತ್ತೂ ಅಂದಿದ್ರ ಸಾಕಿತ್ತಲ್ಲ. ಅವ್ವ ಮಾಡ್ಯಾಳ ಅಂತ ಯಾಕ ಹೇಳಿದಿ? ಅಷ್ಟು ಮಂದ್ಯಾಗ ನನ್ನ ನೋಡಿ ನಕ್ರು.”

ಅವಳಿಗೂ ಮೋಸವಾದಂತೆ ಅನ್ನಿಸಿತ್ತು. ನನ್ನಿಂದ! ನನಗೆ ಮೈ ಉರಿದುಹೋಯಿತು. ನಾಸಿಕದ ತನಕ ನಾವಿಬ್ಬರೂ ಒಂದೊಂದು ಕುಂಡ ಹಿಡಿದುಕೊಂಡೇ ಕೂತಿದ್ದೆವು.

ಮನೆಗೆ ಬಂದವಳೇ ಬಚ್ಚಲಿನ ಕ್ಯಾನು ಚೆಲ್ಲಿ, ಬಟ್ಟೆ ಒಗೆದ ನಿಜವಾದ ನೀರು ತುಂಬಿದೆ. ಕ್ಯಾನನ್ನು ನನ್ನ ಮಂಚದ ಕೆಳಗೆ ಇಟ್ಟುಕೊಂಡೆ. ಆ ಮೆಂತ್ಯಕ್ಕೆ ನಾನೇ ದಿನವೂ ಹಾಕಿದೆ. ಎಲೆ ಹಳದಿಯಾಯಿತು, ಕಾಂಡ ಬಾಗಿತು, ಒಣಗಿತು. ಅವ್ವ ಗ್ಯಾಲರಿಗೆ ಬಂದಾಗಲೆಲ್ಲ ಅದನ್ನು ನೋಡಿ “ಪಾಪ” ಎನ್ನುತ್ತಿದ್ದಳು. ಅಪ್ಪ ಒಮ್ಮೆ, ಬರೆದಿಡು ಎಂದರು. ಯಾರಿಗೆ ತೋರಿಸಲು ಎಂದು ಕೇಳಿದೆ. ಅವರು ಪೇಪರು ತೆಗೆದು ಮುಖಕ್ಕೆ ಹಿಡಿದುಕೊಂಡರು. ಕೆಳಗಿನ ಕಾಕುವಿಗೆ ಮಾತ್ರ ಹೋಗಿ ಹೇಳಿಬಂದೆ, ನಿಮ್ಮ ಪುದೀನವೇ ಸರಿಯಾಗಿತ್ತು ಎಂದು.

ನಾನೀಗ ಕಾಲೇಜಿನಲ್ಲಿದ್ದೇನೆ. ಮೊನ್ನೆ ಮನೆಗೆ ಬಂದವರಿಗೆ ಅವ್ವ ಮತ್ತೆ ಶೋಕೇಸಿನ ಬಾಟಲಿ ತೋರಿಸಿದಳು. ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ಕೇಳಿಯೇಬಿಟ್ಟೆ.

“ಅವ್ವಾ, ಆ ಸಕ್ಕರಿ ಹರಳು ನಂದೇ ಇತ್ತಲ್ಲ?”

ಬಡಿಯುತ್ತಿದ್ದ ಕೈ ನಿಂತಿತು. ಆಮೇಲೆ ಅವಳು ರೊಟ್ಟಿಯನ್ನು ತವೆಗೆ ಹಾಕಿ, ಅದರ ಮೇಲೆ ನೀರು ಸವರಿದಳು.

“ಬಿಸಿ ಅದ, ತಾಟು ತಗೊಂಡು ಬಾ. ಮೊದ್ಲ ಉಣ್ಣು,” ಎಂದಳು.